ಮೇಕನ್ ಬೈಪಾಸ್ ಐ-475: ದಾರಿ ತಪ್ಪದೆ ದಾಟುವುದು ಹೇಗೆ?

ಆಟ್ಲಾಂಟಾದಿಂದ ಐ-75 (ಇಂಟರ್‌ಸ್ಟೇಟ್ 75) ಹೆದ್ದಾರಿ ಹಿಡಿದು ಫ್ಲೋರಿಡಾಗೆ ಹೊರಟ ನಮ್ಮವರು ದಾರಿಯಲ್ಲಿ ನನಗೆ ಫೋನ್ ಮಾಡಿದರೆ, ಅದು ಹೆಚ್ಚಾಗಿ ಒಂದೇ ಜಾಗದಿಂದ. "ಅಣ್ಣಾ, ಐ-75ರಲ್ಲೇ ಇದ್ವಿ, ಈಗ ನೋಡಿದ್ರೆ 475 ಅಂತಿದೆ. ವಾಪಸ್ ತಿರುಗಿಸ್ಬೇಕಾ?" ಇನ್ನೊಂದು ಮನೆಯವರದು ಬೇರೆ ಗೋಳು: "ಸವಾನಾಗೆ ಹೊರಟಿದ್ವಿ, ಬೋರ್ಡಲ್ಲಿ ವಾಲ್ಡೋಸ್ಟಾ ಅಂತ ಮಾತ್ರ ಬರ್ತಿದೆ."

ಮೊದಲನೆಯವರು ಸರಿಯಾದ ದಾರಿಯಲ್ಲೇ ಇರುತ್ತಾರೆ, ಸುಮ್ನೆ ಗಾಬರಿ. ಎರಡನೆಯವರು ನಿಜವಾಗಲೂ ತಪ್ಪಿರುತ್ತಾರೆ: ವಾಲ್ಡೋಸ್ಟಾ ಇರುವುದು ದಕ್ಷಿಣಕ್ಕೆ, ಫ್ಲೋರಿಡಾ ದಾರಿಯಲ್ಲಿ; ಸವಾನಾ ಇರುವುದು ಪೂರ್ವದ ಸಮುದ್ರದ ಕಡೆ.

ಐ-475 ಜಾರ್ಜಿಯಾದ ಮೇಕನ್ ನಗರವನ್ನು ಪಶ್ಚಿಮದಿಂದ ಬಳಸಿ ಹೋಗುವ ರಸ್ತೆ. ಉದ್ದ ಸುಮಾರು 16 ಮೈಲಿ, ಅಂದರೆ 25 ಕಿಲೋಮೀಟರ್. ಎರಡು ತುದಿಯೂ ಐ-75ಕ್ಕೇ ಸೇರುತ್ತವೆ. ಓಡಿಸುವುದು ಕಾಲು ಗಂಟೆಯ ಕೆಲಸ, ಅದರಲ್ಲಿ ಕಷ್ಟ ಏನಿಲ್ಲ. ಕಷ್ಟ ಇರುವುದು ಕವಲಿನಲ್ಲಿ, ಯಾವ ಕಡೆ ಅಂತ ನಿರ್ಧರಿಸುವಾಗ. ಆ ನಿರ್ಧಾರವನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ ಅನ್ನೋದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

## ಹಂತ 1: ಬೈಪಾಸ್ ನಿಮಗೆ ಬೇಕಾ, ಬೇಡವಾ?

ಕಾರ್ ಕೀ ಕೈಗೆತ್ತಿಕೊಳ್ಳುವ ಮೊದಲು ಇದು ಇತ್ಯರ್ಥವಾಗಬೇಕು.

ಬೇಕು: ಒರ್ಲಾಂಡೋ, ಟ್ಯಾಂಪಾ, ವಾಲ್ಡೋಸ್ಟಾ ಕಡೆ ಹೋಗುವವರಿಗೆ. ವಾರ್ನರ್ ರಾಬಿನ್ಸ್‌ಗೆ ಹೋಗುವವರಿಗೂ ಬೇಕು, ಏಕೆಂದರೆ ಅದರ ಎಕ್ಸಿಟ್‌ಗಳು ಬೈಪಾಸ್ ಮುಗಿದ ಮೇಲೆ, ದಕ್ಷಿಣಕ್ಕೆ ಇವೆ. ಐ-75ರಲ್ಲೇ ಮೇಕನ್ ಒಳಗಿಂದ ಹೋದರೆ ಸುಮಾರು 21 ಮೈಲಿ. ಬೈಪಾಸ್ ಹಿಡಿದರೆ ಐದು ಮೈಲಿ ಉಳಿಯುತ್ತದೆ. ಬಳಸುದಾರಿಯೇ ಹತ್ತಿರದ ದಾರಿ. ನಮ್ಮೂರಿನ ಬೈಪಾಸ್ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬೇಡ: ಸವಾನಾ, ಟೈಬೀ ಬೀಚ್ ಕಡೆ ಹೋಗುವವರಿಗೆ. ಸವಾನಾಗೆ ಹೋಗುವ ಐ-16 ಶುರುವಾಗುವುದೇ ಮೇಕನ್ ನಗರದೊಳಗೆ, ಐ-75ರ 165ನೇ ಎಕ್ಸಿಟ್‌ನಲ್ಲಿ. ಬೈಪಾಸ್ ಹಿಡಿದರೆ ಆ ಎಕ್ಸಿಟ್ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಮೇಕನ್ನಿನಲ್ಲೇ ಕೆಲಸ ಇದ್ದವರಿಗೂ ಬೇಡ. ಮಗಳನ್ನೋ ಮಗನನ್ನೋ ಮರ್ಸರ್ ಯೂನಿವರ್ಸಿಟಿಗೆ ಬಿಡಲು ಹೋಗುವವರು ಸ್ವಲ್ಪ ಗಮನ ಕೊಡಿ. "ಮರ್ಸರ್ ಯೂನಿವರ್ಸಿಟಿ ಡ್ರೈವ್" ಅನ್ನುವ ರಸ್ತೆ ಐ-475ರಲ್ಲೂ ಸಿಗುತ್ತದೆ (ಎಕ್ಸಿಟ್ 5), ಐ-75ರಲ್ಲೂ ಸಿಗುತ್ತದೆ (ಎಕ್ಸಿಟ್ 163). ಕ್ಯಾಂಪಸ್ ಇರುವುದು ಐ-75ರ ಪಕ್ಕದಲ್ಲಿ. ಬೈಪಾಸ್‌ನಲ್ಲಿ ಹೆಸರು ನೋಡಿ ಇಳಿದುಬಿಟ್ಟರೆ ಸಿಗ್ನಲ್ ಮೇಲೆ ಸಿಗ್ನಲ್ ದಾಟಿಕೊಂಡು ಊರೊಳಗೆ ಬರಬೇಕಾಗುತ್ತದೆ.

## ಹಂತ 2: ಮನೆಯಲ್ಲೇ ಮುಗಿಸಬೇಕಾದ ಕೆಲಸ

ಫೋನ್ ಸ್ಟ್ಯಾಂಡ್. ಇದು ಶೋಕಿಯ ವಸ್ತು ಅಲ್ಲ. ಜಾರ್ಜಿಯಾದಲ್ಲಿ 2018ರ ಜುಲೈ 1ರಿಂದ ಡ್ರೈವ್ ಮಾಡುವಾಗ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ, ತೊಡೆ ಮೇಲೆ ಇಟ್ಟುಕೊಳ್ಳುವಂತೆಯೂ ಇಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 50 ಡಾಲರ್, ಎರಡನೇ ಸಲ 100, ಮೂರನೇ ಸಲ 150. ಜೊತೆಗೆ ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುತ್ತದೆ. ಕೆಂಪು ಸಿಗ್ನಲ್‌ನಲ್ಲಿ ನಿಂತಾಗಲೂ ಅದೇ ಕಾನೂನು.

ಮ್ಯಾಪ್. ಹೊರಡುವ ಮೊದಲು ಇಡೀ ದಾರಿಯನ್ನು ಒಮ್ಮೆ ಬೆರಳಲ್ಲಿ ಸರಿಸಿ ನೋಡಿ. ಮೇಕನ್ ಹತ್ತಿರ ದೊಡ್ಡದು ಮಾಡಿ, ನೀಲಿ ಗೆರೆ ಊರೊಳಗೆ ಹೋಗುತ್ತಿದೆಯೋ ಪಕ್ಕದಿಂದ ಹೋಗುತ್ತಿದೆಯೋ ನೋಡಿಕೊಳ್ಳಿ. ಆಮೇಲೆ ಒಂದು ಚೀಟಿ ಬರೆಯಿರಿ: "177ರಲ್ಲಿ 475, ವಾಲ್ಡೋಸ್ಟಾ" ಅಥವಾ "177ರಲ್ಲಿ 75ರಲ್ಲೇ ಇರು, 165ರಲ್ಲಿ ಐ-16". ನಗಬೇಡಿ. ನನ್ನ ಡ್ಯಾಶ್‌ಬೋರ್ಡಿನಲ್ಲಿ ಈಗಲೂ ಅಂಥ ಹಳದಿ ಚೀಟಿ ಇರುತ್ತದೆ. ಟ್ರಾಫಿಕ್ ಏರುಪೇರಾದರೆ ಫೋನ್ ತಾನಾಗಿಯೇ ದಾರಿ ಬದಲಿಸುತ್ತದೆ, ಅದೂ ಕವಲು ಹತ್ತಿರ ಬಂದಾಗ. ಚೀಟಿ ಬದಲಾಗುವುದಿಲ್ಲ.

ಟೋಲ್. ಐ-475ಕ್ಕೆ ಟೋಲ್ ಇಲ್ಲ. ಆದರೆ ಅಲ್ಲಿಗೆ ತಲುಪುವ ಮೊದಲು, ಆಟ್ಲಾಂಟಾದ ದಕ್ಷಿಣಕ್ಕೆ ಐ-75ರಲ್ಲಿ ಎಕ್ಸ್‌ಪ್ರೆಸ್ ಲೇನ್‌ಗಳಿವೆ. ಅವಕ್ಕೆ ಟೋಲ್ ಇದೆ, ಪೀಚ್ ಪಾಸ್ (ಜಾರ್ಜಿಯಾದ ಟೋಲ್ ಪಾಸ್) ಅಥವಾ ಇಲ್ಲಿ ನಡೆಯುವ ಬೇರೆ ರಾಜ್ಯದ ಪಾಸ್ ಬೇಕು. ಪಾಸ್ ಇಲ್ಲದಿದ್ದರೆ ಮಾಮೂಲಿ ಲೇನ್‌ನಲ್ಲೇ ಇರಿ.

ಗಾಡಿ. ಟೈರ್ ಗಾಳಿ, ವೈಪರ್, ಗಾಜು ತೊಳೆಯುವ ನೀರು. ಟೈರ್ ಗಾಳಿಯ ಅಳತೆಯನ್ನು ಟೈರ್ ಮೇಲೆ ನೋಡಬೇಡಿ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಸ್ಟಿಕ್ಕರ್ ಇರುತ್ತದೆ, ಅದರಲ್ಲಿರುವುದೇ ಸರಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ.

ಚಿತ್ರಾನ್ನದ ಡಬ್ಬಿ ಹಿಂದಿನ ಸೀಟಿನವರ ಕೈಯಲ್ಲಿರಲಿ. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ಅನ್ನುವ ಸಾಹಸ ಬೇಡ.

## ಹಂತ 3: ನಂಬರ್ ಓದುವ ಗುಟ್ಟು

ಮೂರಂಕಿಯ ಇಂಟರ್‌ಸ್ಟೇಟ್ ಕಂಡರೆ ಹೀಗೆ ಓದಿ. ಕೊನೆಯ ಎರಡು ಅಂಕಿ ತಾಯಿ ರಸ್ತೆಯ ನಂಬರ್. ಇಲ್ಲಿ 75. ಮೊದಲ ಅಂಕಿ ಸಮಸಂಖ್ಯೆ ಆಗಿದ್ದರೆ ಆ ರಸ್ತೆ ಸಾಮಾನ್ಯವಾಗಿ ಊರನ್ನು ಬಳಸಿ ಮತ್ತೆ ದೊಡ್ಡ ರಸ್ತೆಗೆ ಸೇರುತ್ತದೆ. ಬೆಸವಾಗಿದ್ದರೆ ಹೆಚ್ಚಾಗಿ ಕವಲೊಡೆದು ಊರೊಳಗೆ ಹೋಗಿ ಮುಗಿಯುತ್ತದೆ. 4 ಸಮಸಂಖ್ಯೆ. ಹಾಗಾಗಿ 475ಕ್ಕೆ ಹೋದರೂ 75 ಮತ್ತೆ ಸಿಗುತ್ತದೆ.

ಜಾರ್ಜಿಯಾದಲ್ಲಿ ಎಕ್ಸಿಟ್ ನಂಬರ್ ಅಂದರೆ ಮೈಲಿ ಲೆಕ್ಕ. ಐ-75ರ 177ನೇ ಎಕ್ಸಿಟ್ ಅಂದರೆ ಫ್ಲೋರಿಡಾ ಗಡಿಯಿಂದ ಸುಮಾರು 177 ಮೈಲಿ. ದಕ್ಷಿಣಕ್ಕೆ ಹೋಗುತ್ತಿದ್ದರೆ ನಂಬರ್ ಇಳಿಯುತ್ತಾ ಬರಬೇಕು. ಏರುತ್ತಿದ್ದರೆ ನೀವು ಆಟ್ಲಾಂಟಾಗೆ ವಾಪಸ್ ಹೋಗುತ್ತಿದ್ದೀರಿ! ಪೆಟ್ರೋಲ್ ಹಾಕಿಸಿಕೊಂಡು ರಸ್ತೆಗೆ ಮರಳಿದಾಗ ಇದೊಂದನ್ನು ತಪ್ಪದೆ ನೋಡಿ.

ಬೈಪಾಸ್‌ಗೆ ಬಂದ ಮೇಲೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. 177 ಇದ್ದದ್ದು ಇದ್ದಕ್ಕಿದ್ದಂತೆ 15 ಆಗುತ್ತದೆ. ಫೋನ್ ಮಾಡುವವರಲ್ಲಿ ಅರ್ಧ ಜನ ಗಾಬರಿಯಾಗುವುದು ಇಲ್ಲೇ.

## ಹಂತ 4: ಕವಲು

ಆಟ್ಲಾಂಟಾದಿಂದ ಬರುವಾಗ ಫಾರ್ಸೈತ್ ಊರು ದಾಟಿದ ಮೇಲೆ ತಯಾರಾಗಿ. ಹಾಡು ಸಣ್ಣದು ಮಾಡಿ. ಪಕ್ಕದಲ್ಲಿ ಕೂತವರಿಗೆ ಕೆಲಸ ಕೊಡಿ: ತಲೆಯ ಮೇಲಿನ ಹಸಿರು ಬೋರ್ಡುಗಳನ್ನು ಜೋರಾಗಿ ಓದಬೇಕು, ಅಷ್ಟೇ.

1. ಬೋರ್ಡಿನಲ್ಲಿ "475" ಮತ್ತು "ವಾಲ್ಡೋಸ್ಟಾ" ಇರುವುದು ಬೈಪಾಸ್. "75" ಮತ್ತು "ಮೇಕನ್" ಇರುವುದು ಊರೊಳಗಿನ ದಾರಿ, ಸವಾನಾದವರು ಹಿಡಿಯಬೇಕಾದದ್ದೂ ಅದೇ. "ನಾನು 75ರಲ್ಲಿ ಹೋಗಬೇಕು, ಆದ್ದರಿಂದ 75 ಅಂತಿರುವುದೇ ನನ್ನ ದಾರಿ" ಅಂತ ಫ್ಲೋರಿಡಾದವರು ಅಂದುಕೊಳ್ಳಬೇಡಿ.

2. ಬಾಣದ ಗುರುತು ಯಾವ ಲೇನ್ ಮೇಲಿದೆಯೋ ಆ ಲೇನ್ ಹಿಡಿಯಿರಿ. ಎಕ್ಸಿಟ್ ಬಲಕ್ಕೇ ಇರುತ್ತದೆ, ನೇರ ಹೋದರೆ ಅದೇ ರಸ್ತೆ ಅನ್ನುವ ಅಭ್ಯಾಸ ಕವಲಿನಲ್ಲಿ ಕೈ ಕೊಡುತ್ತದೆ. ಇಲ್ಲಿ ಎರಡೂ ದೊಡ್ಡ ರಸ್ತೆಗಳೇ.

3. ಲೇನ್ ಬದಲಿಸುವುದು ಎರಡು ಮೈಲಿ ಮೊದಲೇ ಮುಗಿಯಲಿ. 70 ಮೈಲಿ ವೇಗದಲ್ಲಿ ಎರಡು ಮೈಲಿ ಅಂದರೆ ಒಂದು ನಿಮಿಷ ಮುಕ್ಕಾಲು. ಅಷ್ಟರಲ್ಲಿ ಎರಡು ಲಾರಿ ಅಡ್ಡ ಬಂದರೆ ಸಮಯ ಮುಗಿದೇ ಹೋಯಿತು.

4. ಮೊದಲು ಇಂಡಿಕೇಟರ್, ಆಮೇಲೆ ಕನ್ನಡಿ, ಆಮೇಲೆ ಭುಜದ ಮೇಲಿಂದ ಒಂದು ನೋಟ, ಕೊನೆಗೆ ಲೇನ್. ಕನ್ನಡಿಯಲ್ಲಿ ಕಾಣದ ಕಾರು ಭುಜದ ಮೇಲಿಂದ ನೋಡಿದರೆ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಲೇನ್.

5. ಬಿಳಿ ಗೆರೆಗಳ ತ್ರಿಕೋನ ಶುರುವಾದ ಮೇಲೆ ಮನಸ್ಸು ಬದಲಿಸುವಂತಿಲ್ಲ. ತಪ್ಪೋ ಸರಿಯೋ, ಇದ್ದ ಲೇನ್‌ನಲ್ಲೇ ಹೋಗಿ.

ಐದನೆಯದನ್ನು ನಾನು ಅನುಭವದಿಂದಲೇ ಹೇಳುತ್ತಿರುವುದು. ಹಾಸನದಿಂದ ಅಪ್ಪ-ಅಮ್ಮ ಬಂದಿದ್ದರು, ಸವಾನಾ ಸಮುದ್ರ ತೋರಿಸಲು ಹೊರಟಿದ್ದೆವು. ಕವಲಿನಲ್ಲಿ ತಪ್ಪು ಕಡೆ ತಿರುಗುತ್ತಿದ್ದೇನೆ ಅಂತ ಗೊತ್ತಾಯಿತು. ಆ ತ್ರಿಕೋನದ ಮೇಲೆ ಕಾರು ನಿಲ್ಲಿಸಿಬಿಟ್ಟೆ. ಅಪ್ಪ ಶಿರಾಡಿ ಘಾಟಿಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವರು. ಹಿಂದೆ ತಿರುಗಿ ನೋಡಿ, "ಖಾಲಿ ಇದೆ, ರಿವರ್ಸ್ ತಗೊಳೋ" ಅಂದರು. ನಾನು ಗೇರ್ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ಮರದ ದಿಮ್ಮಿ ಹೇರಿದ ಲಾರಿಯೊಂದು ಎಡಗಡೆಯಿಂದ ಹಾದುಹೋಯಿತು. ಅದರ ಗಾಳಿಗೆ ಕಾರೇ ಅಲುಗಾಡಿತು, ಅಮ್ಮನ ಕಾಲ ಬಳಿ ಇದ್ದ ನೀರಿನ ಬಾಟಲಿ ಉರುಳಿ ನನ್ನ ಬ್ರೇಕ್ ಹತ್ತಿರ ಬಂತು. ಆಮೇಲೆ ಹತ್ತು ನಿಮಿಷ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

## ಹಂತ 5: ಬೈಪಾಸ್ ಮೇಲಿನ ಕಾಲು ಗಂಟೆ

ದಕ್ಷಿಣಕ್ಕೆ ಹೋಗುವಾಗ ಮುಖ್ಯವಾಗಿ ಸಿಗುವ ಎಕ್ಸಿಟ್‌ಗಳು ನಾಲ್ಕು. 15 ಬೋಲಿಂಗ್‌ಬ್ರೋಕ್, 9 ಜೆಬ್ಯುಲನ್ ರೋಡ್, 5 ಮರ್ಸರ್ ಯೂನಿವರ್ಸಿಟಿ ಡ್ರೈವ್, 3 ಯುಎಸ್ 80 ಹೆದ್ದಾರಿ. ಮಕ್ಕಳು ಬಾತ್‌ರೂಮ್ ಅಂದರೆ 9ರಲ್ಲಿ ಇಳಿಯಿರಿ. ತಿನ್ನೋದು, ಪೆಟ್ರೋಲು ಎಲ್ಲ ಅಲ್ಲಿ ಸುಲಭ. 15 ಮತ್ತು 9ರ ನಡುವೆ ಆರು ಮೈಲಿ ಏನೂ ಇಲ್ಲ, ಬರೀ ಪೈನ್ ಮರ.

ಬಲಗಡೆ ಇರಿ, ಓವರ್‌ಟೇಕ್ ಮಾಡುವಾಗ ಮಾತ್ರ ಎಡಕ್ಕೆ ಹೋಗಿ. ಊರಿಗೆ ಹೋಗಿ ತಿಂಗಳು ಇದ್ದು ಬಂದವರಿಗೆ ಮೊದಲ ವಾರ ಇದು ತಲೆಕೆಳಗಾಗುತ್ತದೆ. ಹಿಂದಿನಿಂದ ಜೋರಾಗಿ ಬರುವವರು ಇದ್ದರೆ ಎಡಗಡೆಯ ಲೇನ್ ಬಿಟ್ಟುಕೊಡಬೇಕು ಅನ್ನುವುದು ಇಲ್ಲಿ 2014ರಿಂದ ಕಾನೂನು. "ನಾನು ಲಿಮಿಟ್‌ನಲ್ಲೇ ಇದ್ದೀನಲ್ಲ" ಅನ್ನುವ ವಾದ ನಡೆಯುವುದಿಲ್ಲ.

ವೇಗದ ವಿಷಯ. ರಸ್ತೆ ಖಾಲಿ ಇರುತ್ತದೆ, ನೇರ ಇರುತ್ತದೆ, ಕಾಲು ತಾನಾಗಿ ಇಳಿಯುತ್ತದೆ. ಜಾರ್ಜಿಯಾದಲ್ಲಿ 85 ಮೈಲಿ ಮುಟ್ಟಿದರೆ "ಸೂಪರ್ ಸ್ಪೀಡರ್" ಅಂತ ಮಾಮೂಲಿ ದಂಡದ ಮೇಲೆ ಇನ್ನೂ 200 ಡಾಲರ್ ಕಟ್ಟಬೇಕು. ಬೋರ್ಡಿನಲ್ಲಿರುವ ಲಿಮಿಟ್‌ಗೆ ಕ್ರೂಸ್ ಕಂಟ್ರೋಲ್ ಹಾಕಿ ಬಿಡಿ.

ಮುಂದಿನ ಗಾಡಿಗೂ ನಿಮಗೂ ಮೂರು ಸೆಕೆಂಡ್ ಅಂತರ. ಅದು ಸೇತುವೆಯನ್ನೋ ಕಂಬವನ್ನೋ ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಅಂತ ಎಣಿಸಿ. ಮುಗಿಯುವ ಮೊದಲೇ ನೀವು ಅಲ್ಲಿಗೆ ಬಂದರೆ ಹತ್ತಿರ ಜಾಸ್ತಿ ಆಯಿತು. 70 ಮೈಲಿಯಲ್ಲಿ ಮೂರು ಸೆಕೆಂಡ್ ಅಂದರೆ ಸುಮಾರು 94 ಮೀಟರ್. ಬೆಂಗಳೂರಿನ ಲೆಕ್ಕದಲ್ಲಿ ಅಷ್ಟು ಜಾಗದಲ್ಲಿ ಇಪ್ಪತ್ತು ಆಟೋ ತೂರಿಸಬಹುದು. ಆ ಆಸೆ ಬೇಡ. ಯಾರಾದರೂ ಮಧ್ಯೆ ಬಂದರೆ ಬರಲಿ, ಮತ್ತೆ ಅಂತರ ಮಾಡಿಕೊಳ್ಳಿ.

ಲಾರಿಯ ಪಕ್ಕದಲ್ಲಿ ತೇಲುತ್ತಾ ಇರಬೇಡಿ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲ. ದಾಟಿ, ಇಲ್ಲ ಹಿಂದೆ ಉಳಿಯಿರಿ.

ರಸ್ತೆಗೆ ಸೇರುವ ರ‍್ಯಾಂಪ್ ಬಗ್ಗೆ ಒಂದು ಮಾತು. ಹೊಸಬರು ಹೆದರಿ ರ‍್ಯಾಂಪಿನ ತುದಿಯಲ್ಲಿ ನಿಂತುಬಿಡುತ್ತಾರೆ. ಅದು ಎಲ್ಲಕ್ಕಿಂತ ಅಪಾಯ. ಆ ಉದ್ದದ ಲೇನ್ ಇರುವುದೇ ವೇಗ ಹೆಚ್ಚಿಸಿಕೊಳ್ಳಲು. ಎಕ್ಸಿಟ್ 9ರಿಂದ ಮತ್ತೆ ರಸ್ತೆಗೆ ಬರುವಾಗ ರ‍್ಯಾಂಪಿನಲ್ಲೇ 60-65 ಮುಟ್ಟಿಸಿ, ಸಂದಿ ನೋಡಿ ಸೇರಿಕೊಳ್ಳಿ.

## ಹಂತ 6: ತಪ್ಪಿಯೇ ಹೋದರೆ

ಬೈಪಾಸ್ ಬೇಕಿತ್ತು, ಊರೊಳಗಿನ ಐ-75ಕ್ಕೆ ಬಂದಿರಿ. ಏನೂ ಮಾಡಬೇಡಿ. ಐ-75 ಸೌತ್ ಅಂತ ಹಿಡಿದುಕೊಂಡು ಹೋಗಿ. 165ರಲ್ಲಿ ಐ-16ಕ್ಕೆ ಮಾತ್ರ ಎಳೆದುಕೊಂಡು ಹೋಗದ ಹಾಗೆ ನೋಡಿಕೊಳ್ಳಿ. ಆ ಜಂಕ್ಷನ್ ಅನ್ನು ಹಲವು ವರ್ಷಗಳಿಂದ ಕಟ್ಟಿ-ಬಿಚ್ಚಿ ಮಾಡುತ್ತಿದ್ದಾರೆ, ಹಾಗಾಗಿ ಹಿಂದಿನ ಸಲದ ನೆನಪಿನ ಮೇಲೆ ಹೋಗಬೇಡಿ, ಬೋರ್ಡ್ ಓದಿ. 156ರ ಹತ್ತಿರ ಬೈಪಾಸ್‌ನವರು ನಿಮ್ಮನ್ನು ಬಂದು ಸೇರುತ್ತಾರೆ. ಕಳೆದುಕೊಂಡದ್ದು ಐದು ಮೈಲಿ.

ಸವಾನಾಗೆ ಹೋಗಬೇಕಿತ್ತು, ಬೈಪಾಸ್‌ಗೆ ಬಂದಿರಿ. ಇದಕ್ಕೆ ಕ್ರಮ ಇದೆ.

1. ಸಿಕ್ಕ ಮೊದಲ ಎಕ್ಸಿಟ್‌ನಲ್ಲಿ ಇಳಿದು ತಿರುಗಬೇಡಿ. 475 ನಾರ್ತ್ ಹಿಡಿದರೆ ಅದು ನಿಮ್ಮನ್ನು ಐ-75 ನಾರ್ತ್‌ಗೆ, ಅಂದರೆ ಆಟ್ಲಾಂಟಾ ಕಡೆಗೆ ಸೇರಿಸುತ್ತದೆ. ಬಹಳ ಜನ ಇಲ್ಲೇ ಎರಡನೇ ಸಲ ತಪ್ಪುವುದು.
2. ಎಕ್ಸಿಟ್ 3ರವರೆಗೆ ಹೋಗಿ. ಅಲ್ಲಿ ಇಳಿದು ಎಡಕ್ಕೆ, ಯುಎಸ್ 80 ಈಸ್ಟ್. ಆ ರಸ್ತೆಯ ಹೆಸರು ಐಸೆನ್‌ಹೋವರ್ ಪಾರ್ಕ್‌ವೇ. ಸಿಗ್ನಲ್‌ಗಳಿವೆ, ತಾಳ್ಮೆ ಇರಲಿ.
3. ಐ-75 ಸಿಕ್ಕಾಗ ನಾರ್ತ್ ಹತ್ತಿ. ಹೌದು, ನಾರ್ತೇ. ಮೂರು ಮೈಲಿ ಹೋದರೆ 165, ಅಲ್ಲಿ ಐ-16 ಈಸ್ಟ್, ಸವಾನಾ.

ಎಕ್ಸಿಟ್ 3 ಕೂಡ ತಪ್ಪಿತೇ? ಬೈಪಾಸ್ ಮುಗಿಸಿ ಐ-75 ಸೌತ್‌ಗೆ ಸೇರಿ, 155ನೇ ಎಕ್ಸಿಟ್ ಹಾರ್ಟ್ಲಿ ಬ್ರಿಡ್ಜ್ ರೋಡಿನಲ್ಲಿ ಇಳಿದು, ಸೇತುವೆ ದಾಟಿ ಐ-75 ನಾರ್ತ್ ಹತ್ತಿ. ತಕ್ಷಣ 75 ಮತ್ತು 475 ಬೇರೆಯಾಗುವ ದಕ್ಷಿಣ ತುದಿಯ ಕವಲು ಎದುರಾಗುತ್ತದೆ. ಈ ಸಲ "ಮೇಕನ್" ಅಂತಿರುವ ಕಡೆ.

ಎರಡು ರಸ್ತೆಗಳ ನಡುವೆ ಹುಲ್ಲಿನಲ್ಲಿ ಅಲ್ಲಲ್ಲಿ ದಾಟುದಾರಿ ಕಾಣುತ್ತದೆ. ಅದು ಪೊಲೀಸ್ ಮತ್ತು ತುರ್ತು ವಾಹನಗಳಿಗೆ. ಸರ್ವಿಸ್ ರಸ್ತೆಯಲ್ಲಿ ರಾಂಗ್ ಸೈಡ್ ಬಂದು ಯು-ಟರ್ನ್ ಹೊಡೆಯುವ ನಮ್ಮ ಕಲೆಗೆ ಇಲ್ಲಿ ಜಾಗ ಇಲ್ಲ.

## ಹಂತ 7: ಈ ಲಕ್ಷಣ ಕಂಡರೆ ಹುಷಾರ್

ಮುಂದಿನ ಲಾರಿಗಳು ನಾಲ್ಕೂ ದೀಪ ಮಿಣುಕಿಸುತ್ತಿವೆ. ಮುಂದೆ ಟ್ರಾಫಿಕ್ ನಿಂತಿದೆ. ಬ್ರೇಕ್ ಮೆಲ್ಲಗೆ ಒತ್ತಲು ಶುರು ಮಾಡಿ, ಹಿಂದಿನವರಿಗೂ ಗೊತ್ತಾಗಲಿ.

ರಸ್ತೆ ಬದಿಯಲ್ಲಿ ಪೊಲೀಸ್, ಟೋ ಗಾಡಿ, ರಿಪೇರಿ ಗಾಡಿಯ ದೀಪ. ಒಂದು ಲೇನ್ ದೂರ ಸರಿಯಲೇಬೇಕು. ಜಾಗ ಇಲ್ಲದಿದ್ದರೆ ವೇಗ ಲಿಮಿಟ್‌ಗಿಂತ ಕೆಳಗಿಳಿಸಿ, ನಿಲ್ಲಿಸಲೂ ತಯಾರಿರಿ. ಇದು ಕಾನೂನು.

ಮಧ್ಯಾಹ್ನದ ಮೇಲೆ ಕಪ್ಪು ಮೋಡ. ಬೇಸಿಗೆಯಲ್ಲಿ ಇಲ್ಲಿ ಮಳೆ ಹೇಳಿಕೇಳಿ ಬರುವುದಿಲ್ಲ. ಹನಿ ಬಿದ್ದ ಕೂಡಲೇ ಹೆಡ್‌ಲೈಟ್ ಹಾಕಿ. ಮಳೆಯಲ್ಲಿ ಹೆಡ್‌ಲೈಟ್ ಕಡ್ಡಾಯ. ಕ್ರೂಸ್ ಕಂಟ್ರೋಲ್ ತೆಗೆಯಿರಿ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರ ಅನ್ನಿಸಿದರೆ ಟೈರು ನೀರಿನ ಮೇಲೆ ತೇಲುತ್ತಿದೆ ಅಂತ. ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ. ಒಂದೆರಡು ಕ್ಷಣದಲ್ಲಿ ಹಿಡಿತ ಸಿಗುತ್ತದೆ.

ಹೊತ್ತು ಮುಳುಗುವಾಗ ರಸ್ತೆ ಅಂಚಿನಲ್ಲಿ ಒಂದು ಜಿಂಕೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜಾಸ್ತಿ. ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಿರಿ. ಬ್ರೇಕ್ ಒತ್ತಿ, ಸ್ಟೀರಿಂಗ್ ಎಳೆಯಬೇಡಿ.

ಚಂಡಮಾರುತದ ಎಚ್ಚರಿಕೆ ಇದ್ದಾಗ ಈ ದಾರಿಯ ಲೆಕ್ಕವೆಲ್ಲ ಬದಲಾಗುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಹೊರಡುವ ಹಿಂದಿನ ದಿನ ಸುದ್ದಿ ನೋಡಿ.

## ಹಂತ 8: ಗಾಡಿ ಕೆಟ್ಟರೆ, ಪೊಲೀಸ್ ನಿಲ್ಲಿಸಿದರೆ

ಗಾಡಿ ಕೆಟ್ಟರೆ ಬಲಗಡೆ ಬಿಳಿ ಗೆರೆ ದಾಟಿ ಎಷ್ಟು ಆಗುತ್ತದೋ ಅಷ್ಟು ಆಚೆ ನಿಲ್ಲಿಸಿ. ನಾಲ್ಕೂ ದೀಪ ಹಾಕಿ. ಇಳಿಯುವುದಾದರೆ ಎಲ್ಲರೂ ಬಲಗಡೆ ಬಾಗಿಲಿಂದ ಇಳಿದು, ಕಬ್ಬಿಣದ ತಡೆಯ ಆಚೆ ನಿಲ್ಲಿ. ಅಪಘಾತ, ಅಪಾಯ ಆಗಿದ್ದರೆ 911. ಬರೀ ಪಂಚರ್, ಪೆಟ್ರೋಲ್ ಖಾಲಿ ಅಂಥದ್ದಾದರೆ 511. ಆಟ್ಲಾಂಟಾದ ಆಚೆ ಇಂಟರ್‌ಸ್ಟೇಟ್‌ಗಳಲ್ಲಿ "ಚಾಂಪ್" ಅನ್ನುವ ಸಹಾಯ ಗಾಡಿಗಳು ಓಡಾಡುತ್ತವೆ.

ಫೋನಿನಲ್ಲಿ ಮೂರು ಮಾತು ಹೇಳಬೇಕು: ಯಾವ ರಸ್ತೆ, ಯಾವ ದಿಕ್ಕು, ಯಾವ ಮೈಲಿ. "ಐ-475, ಸೌತ್, ಮೈಲಿ 7." ಗಾಬರಿಯಲ್ಲಿ "75" ಅಂದರೆ ಸಹಾಯದವರು ಮೇಕನ್ನಿನ ಆಚೆ ಬದಿಯಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ.

ಪೊಲೀಸ್ ದೀಪ ಹಿಂದೆ ಬಂದರೆ ಬಲಗಡೆ ನಿಲ್ಲಿಸಿ, ಕಾರಿನಲ್ಲೇ ಕೂತಿರಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಊರಲ್ಲಿ ಇಳಿದು ಹೋಗಿ "ಸಾರ್" ಅನ್ನುವುದು ಮರ್ಯಾದೆ. ಇಲ್ಲಿ ಇಳಿದರೆ ಅವರಿಗೆ ಭಯ. ಕಾಗದಪತ್ರ ಕೇಳಿದ ಮೇಲೆ, "ಗ್ಲೋವ್ ಬಾಕ್ಸ್‌ನಲ್ಲಿದೆ, ತೆಗೆಯುತ್ತೇನೆ" ಅಂತ ಹೇಳಿ ತೆಗೆಯಿರಿ.

## ಹಂತ 9: ವಾಪಸ್ ಬರುವಾಗ

ಫ್ಲೋರಿಡಾದಿಂದ ಬರುವಾಗ ಕವಲು 156ರಲ್ಲಿ. 475ರ ಬೋರ್ಡಿನಲ್ಲಿ "ಆಟ್ಲಾಂಟಾ" ಅಂತಿರುತ್ತದೆ, 75ರ ಬೋರ್ಡಿನಲ್ಲಿ "ಮೇಕನ್". ಆಟ್ಲಾಂಟಾ ಹಿಡಿಯಿರಿ. ನಂಬರ್ ಈಗ 3, 5, 9, 15 ಅಂತ ಏರುತ್ತದೆ. 15 ದಾಟಿದ ಮೇಲೆ ಮೇಕನ್ನಿನಿಂದ ಬರುವ ಐ-75ರ ಗಾಡಿಗಳೂ ಬಂದು ಸೇರುತ್ತವೆ. ಅಲ್ಲಿ ಲೇನ್ ಬದಲಿಸುವ ಗಡಿಬಿಡಿ ಜಾಸ್ತಿ, ಹಿಂದಿನ ಸೀಟಿನವರು ನಿದ್ದೆಯಲ್ಲಿರುತ್ತಾರೆ, ನಿಮಗೂ ಕಣ್ಣು ಎಳೆಯುತ್ತಿರುತ್ತದೆ.

ಸವಾನಾದಿಂದ ಬರುವವರಿಗೆ ಈ ತಲೆನೋವೇ ಇಲ್ಲ. ಐ-16 ಮುಗಿಯುವಲ್ಲಿ ಐ-75 ನಾರ್ತ್ ಹಿಡಿದರೆ ಆಯಿತು. 475 ಅವರ ದಾರಿಗೆ ಅಡ್ಡ ಬರುವುದೇ ಇಲ್ಲ. ಮೊನ್ನೆ ಒಬ್ಬರು ಅಲ್ಲಿಂದಲೂ ಫೋನ್ ಮಾಡಿದ್ದರು, "ಅಣ್ಣಾ, ಬೈಪಾಸ್ ಎಲ್ಲಿ? ಸಿಗ್ತಾನೇ ಇಲ್ಲ" ಅಂತ.